ನೀರು, ಮಿಂಚು ಮತ್ತು ನಡುವೆ ಬಿಟ್ಟುಹೋದ ಪದ

ಭೀಮೆಯನ್ನು ಕೂಡಿಕೊಂಡು ರಾಯಚೂರು ಸೀಮೆಯನ್ನು ದಾಟಿದ ಕೃಷ್ಣೆಗೆ ತೆಲಂಗಾಣದಲ್ಲಿ ಮೊದಲು ಎದುರಾಗುವ ದೊಡ್ಡ ಅಣೆಕಟ್ಟು ಜೂರಾಲ. ಒಂದು ಮಗ್ಗುಲಿಗೆ ಗದ್ವಾಲ, ಇನ್ನೊಂದು ಮಗ್ಗುಲಿಗೆ ಆತ್ಮಕೂರು, ಮೇಲೆ ಹಿನ್ನೀರಿನ ಕಡೆಗೆ ಮಕ್ತಲ್. ಇಂದಿರಾ ಗಾಂಧಿಯವರ ‘ಪ್ರಿಯದರ್ಶಿನಿ’ ಎಂಬ ಹೆಸರು ಹೊತ್ತಿರುವ ಈ ಯೋಜನೆಯಲ್ಲಿ ತಲಾ 39 ಮೆಗಾವ್ಯಾಟಿನ ಆರು ಯಂತ್ರಗಳಿವೆ. ಒಟ್ಟು 234 ಮೆಗಾವ್ಯಾಟ್. ಅಲ್ಲಿ ತಿರುಗಿಸಿ ಬಿಟ್ಟ ನೀರನ್ನು ಕೆಳಗಿನ ಲೋಯರ್ ಜೂರಾಲದಲ್ಲಿ ಮತ್ತೊಮ್ಮೆ ತಿರುಗಿಸುತ್ತಾರೆ. ಅಲ್ಲಿನ ಆರು ಯಂತ್ರಗಳು ತಲಾ 40 ಮೆಗಾವ್ಯಾಟಿನವು. ಮಳೆಗಾಲದಲ್ಲಿ ಮೇಲಿನ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರು ಎಂಬ ಸುದ್ದಿಯ ಬೆನ್ನಿಗೇ ಜೂರಾಲದಲ್ಲಿ ಜಲವಿದ್ಯುತ್ ಉತ್ಪಾದನೆ ಶುರುವಾಯಿತು ಎಂಬ ಸುದ್ದಿಯೂ ಬರುತ್ತದೆ. ರಾಯಚೂರಿನಲ್ಲಿ ಕನ್ನಡ ಪತ್ರಿಕೆ ಓದುವವರಿಗೂ ಗದ್ವಾಲದಲ್ಲಿ ತೆಲುಗು ಪತ್ರಿಕೆ ಓದುವವರಿಗೂ ಅಲ್ಲಿ ಸಿಗುವುದು ಇದೇ ಪದ. ಲಿಪಿ ಕೊಂಚ ಬೇರೆ, ಉಚ್ಚಾರ ಒಂದೇ. ಇಂಗ್ಲಿಷಿನ ‘ಹೈಡ್ರೋ ಎಲೆಕ್ಟ್ರಿಕ್’ ಎಂಬುದನ್ನು ಎದುರಿಗಿಟ್ಟುಕೊಂಡು ಪದಕ್ಕೆ ಪದ ಇಳಿಸಿದರೆ ಜಲವಿದ್ಯುತ್ ಆಯಿತು ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಆ ಒಪ್ಪಿಗೆ ಅರ್ಧ ಮಾತ್ರ ಸರಿ. ಸಮಾಸದ ಮೊದಲ ಪದ ಅನುವಾದ. ಎರಡನೆಯದು ಅನುವಾದವೇ ಅಲ್ಲ, ಅದೊಂದು ತಿದ್ದುಪಡಿ.

ಮೊದಲ ಪದದಲ್ಲಿ ತೊಡಕಿಲ್ಲ. ಗ್ರೀಕಿನ ‘ಹೈಡೋರ್’ ಎಂದರೆ ನೀರು. ಇದಕ್ಕೆ ಸಂಸ್ಕೃತದಲ್ಲಿ ರಕ್ತಸಂಬಂಧಿಯಾದ ಪದ ಜಲವಲ್ಲ, ಉದಕ. ಇಂಗ್ಲಿಷಿನ ‘ವಾಟರ್’, ನಮ್ಮ ಸಮುದ್ರದೊಳಗಿನ ‘ಉದ್ರ’ ಎಲ್ಲವೂ ಅದೇ ಬೇರಿನವು. ಬರೀ ನಂಟಸ್ತನ ನೋಡುವುದಾಗಿದ್ದರೆ ಉದಕವಿದ್ಯುತ್ ಎನ್ನಬೇಕಿತ್ತು. ಆದರೆ ಕನ್ನಡದಲ್ಲಿ ಉದಕಕ್ಕೆ ತೀರ್ಥದ, ತರ್ಪಣದ ವಾಸನೆ ಹತ್ತಿದೆ. ಟರ್ಬೈನಿಗೆ ಅದು ಒಗ್ಗುವ ಮಾತಲ್ಲ. ಜಲ ಅಂಥ ನಂಟುಗಳಿಲ್ಲದ ಪದ, ಜಲಾಶಯ, ಜಲಮಾರ್ಗಗಳಲ್ಲಿ ಆಗಲೇ ಪಳಗಿತ್ತು. ಅದನ್ನು ಆರಿಸಿಕೊಂಡದ್ದು ಸಹಜವೇ.

ಎರಡನೆಯ ಪದದ ಕತೆ ಬೇರೆ. ಗ್ರೀಕಿನ ‘ಎಲೆಕ್ಟ್ರಾನ್’ ಎಂದರೆ ಅಂಬರ್: ಮರದ ಅಂಟು ಲಕ್ಷಾಂತರ ವರ್ಷ ಹೂತುಹೋಗಿ ಗಟ್ಟಿಯಾದ ಹಳದಿ ಮಣಿ. ಅದನ್ನು ಬಟ್ಟೆಗೆ ಉಜ್ಜಿದರೆ ಹುಲ್ಲಿನ ಎಳೆಯನ್ನೂ ಒಣ ಎಲೆಯ ಚೂರನ್ನೂ ಎಳೆದುಕೊಳ್ಳುತ್ತದೆ. ಪ್ರಾಚೀನ ಗ್ರೀಸಿನ ಥೇಲೀಸನ ಕಾಲದಿಂದ ಬಲ್ಲ ಈ ಸಂಗತಿಯನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಪರೀಕ್ಷೆಗೊಡ್ಡಿದ. ಗಾಜು, ಗಂಧಕ, ಅರಗು ಮುಂತಾದ ಇನ್ನೂ ಎಷ್ಟೋ ಪದಾರ್ಥಗಳು ಹೀಗೇ ಸೆಳೆಯುತ್ತವೆ ಎಂದು ಕಂಡುಕೊಂಡ. 1600ರಲ್ಲಿ ಪ್ರಕಟವಾದ ‘ದೆ ಮ್ಯಾಗ್ನೆತೆ’ ಎಂಬ ಲ್ಯಾಟಿನ್ ಗ್ರಂಥದಲ್ಲಿ ಅವಕ್ಕೆ ‘ಅಂಬರಿನಂಥವು’ ಎಂಬ ಅರ್ಥದ ಹೆಸರಿಟ್ಟ. 1646ರಲ್ಲಿ ಇಂಗ್ಲಿಷ್ ಲೇಖಕ ಥಾಮಸ್ ಬ್ರೌನ್ ಅದರಿಂದ ‘ಎಲೆಕ್ಟ್ರಿಸಿಟಿ’ ಎಂಬ ನಾಮಪದವನ್ನು ಬಳಕೆಗೆ ತಂದ. ಅಂದರೆ ಅಕ್ಷರಾರ್ಥದಲ್ಲಿ ಎಲೆಕ್ಟ್ರಿಸಿಟಿ ಎಂದರೆ ‘ಅಂಬರುತನ’. ಹೈಡ್ರೋ ಎಲೆಕ್ಟ್ರಿಕ್ ಎಂದರೆ ‘ನೀರಿನ ಅಂಬರುತನದ್ದು’. ಎಲೆಕ್ಟ್ರಿಸಿಟಿ ಎಂಬ ಪದ ಹುಟ್ಟಿದಾಗ ಯುರೋಪಿಗೆ ವಿದ್ಯುತ್ತಿನ ಬಗ್ಗೆ ಗೊತ್ತಿದ್ದುದು ಹೆಚ್ಚುಕಡಿಮೆ ಅಷ್ಟೇ: ಉಜ್ಜಿದರೆ ಎಳೆಯುತ್ತದೆ. ಆಕಾಶದ ಮಿಂಚಿಗೂ ಈ ಮಣಿಯ ಆಟಕ್ಕೂ ಸಂಬಂಧವಿದೆ ಎಂದು ಗಿಲ್ಬರ್ಟನಿಗೆ ಗೊತ್ತಿರಲಿಲ್ಲ. ಅದು ಸಿದ್ಧವಾದದ್ದು ನೂರೈವತ್ತು ವರ್ಷದ ಮೇಲೆ, 1752ರಲ್ಲಿ. ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಪ್ರಯೋಗವನ್ನು ಫ್ರಾನ್ಸಿನಲ್ಲಿ ಎತ್ತರದ ಕಬ್ಬಿಣದ ಸರಳು ನಿಲ್ಲಿಸಿ ಮಾಡಿ ನೋಡಿದರು. ಆತನ ಹೆಸರಿನ ಗಾಳಿಪಟದ ಪ್ರಯೋಗವೂ ಅದೇ ವರ್ಷದ್ದು. ಮೋಡದಿಂದ ಇಳಿದ ಕಿಡಿ ಪ್ರಯೋಗಶಾಲೆಯ ಕಿಡಿಯಂತೆಯೇ ನಡೆದುಕೊಂಡಿತು.

ನಮ್ಮ ‘ವಿದ್ಯುತ್’ ನಿಂತಿರುವುದು ಈ 1752ರ ಮೇಲೆ. ‘ವಿ’ ಎಂಬ ಉಪಸರ್ಗ, ಬೆಳಗು ಎಂಬ ಅರ್ಥದ ‘ದ್ಯುತ್’ ಎಂಬ ಧಾತು ಸೇರಿ ಆದ ಈ ಪದಕ್ಕೆ ಋಗ್ವೇದದಿಂದ ಈಚೆಗೆ ಇದ್ದ ಮುಖ್ಯ ಅರ್ಥ ಮಿಂಚು. (ವಿದ್ಯೆಗೂ ಇದಕ್ಕೂ ನಂಟಿಲ್ಲ. ವಿದ್ಯೆ ಬಂದದ್ದು ‘ವಿದ್’ ಎಂಬ ಅರಿವಿನ ಧಾತುವಿನಿಂದ. ವಿದ್ಯುತ್ತಿನ ಅಣ್ಣತಮ್ಮಂದಿರನ್ನು ಹುಡುಕುವುದಾದರೆ ಅದು ಶಾಲೆಯ ವಿಜ್ಞಾನ ಪುಸ್ತಕದ ದ್ಯುತಿಸಂಶ್ಲೇಷಣೆಯೊಳಗಿನ ‘ದ್ಯುತಿ’.) ಮಿಂಚಿನ ಹೆಸರನ್ನು ತಂತಿಯೊಳಗಿನ ಶಕ್ತಿಗೆ ಇಡಬೇಕಾದರೆ ಎರಡೂ ಒಂದೇ ಎಂದು ಮೊದಲು ಗೊತ್ತಿರಬೇಕು. ಆ ತಿಳಿವು ಬಂದ ಮೇಲೆ ಹೆಸರಿಡುವ ಕೆಲಸ ಹಿಡಿದ ಭಾಷೆಗಳಿಗೆ ಗಿಲ್ಬರ್ಟನ ಮಣಿ ಬೇಕಾಗಲಿಲ್ಲ. ಹಿಂದಿಯ ಬಿಜಲಿ, ಮರಾಠಿಯ ವೀಜ್ ಎರಡೂ ಸವೆದ ವಿದ್ಯುತ್ತೇ. ತಮಿಳಿನ ಮಿನ್‌ಸಾರದಲ್ಲಿರುವ ‘ಮಿನ್’ ನಮ್ಮ ಮಿಂಚಿನ ಒಡಹುಟ್ಟು. ಉರ್ದು ಬಳಸುವ ‘ಬರ್ಕ್’ ಅರಬ್ಬಿಯಲ್ಲಿ ಮಿಂಚು. ಚೀನೀಯರು ವಿದ್ಯುತ್ತಿಗೆ ಬರೆಯುವ ಅಕ್ಷರದ ಹಳೆಯ ಅರ್ಥವೂ ಮಿಂಚೇ. ಜಲವಿದ್ಯುತ್ತಿಗೆ ಅವರು ಬರೆಯುವುದು ನೀರು, ಮಿಂಚು ಎಂಬ ಎರಡು ಅಕ್ಷರ, ನಮ್ಮ ಸಮಾಸವನ್ನು ನೋಡಿಕೊಂಡೇ ಬರೆದಂತೆ. ಒಬ್ಬರನ್ನೊಬ್ಬರು ಕೇಳದೆ ಇಷ್ಟು ದೂರದೂರದ ಭಾಷೆಗಳು ಒಂದೇ ಕಡೆ ಬಂದು ನಿಂತದ್ದಕ್ಕೆ ಕಾರಣ ವಸ್ತುವಿನಲ್ಲೇ ಇದೆ.

ಇದು ಕಾಕತಾಳೀಯ, ಹೆಸರಿಟ್ಟವರು ಫ್ರಾಂಕ್ಲಿನ್ನನನ್ನು ನೆನೆದು ಇಟ್ಟರೇ, ಹೊಳೆಯುವುದಕ್ಕೆಲ್ಲ ಮಿಂಚು ಎಂದರಷ್ಟೆ ಎಂದು ಯಾರಾದರೂ ಕೇಳಬಹುದು. ಪದ ಕಟ್ಟಿದವರ ಮನಸ್ಸಿನಲ್ಲಿ ಏನಿತ್ತು ಎಂಬುದು ನನ್ನ ವಾದಕ್ಕೆ ಬೇಕಿಲ್ಲ. ಅವರ ಮುಂದೆ ಬೇರೆ ದಾರಿ ಇತ್ತೇ ಎಂಬುದು ಮುಖ್ಯ. ಇತ್ತು. ಅರಬ್ಬಿಯೇ ಅದಕ್ಕೆ ಸಾಕ್ಷಿ. ಮಿಂಚಿಗೆ ಬರ್ಕ್ ಎಂಬ ಪದವನ್ನು ಮನೆಯಲ್ಲೇ ಇಟ್ಟುಕೊಂಡಿದ್ದ ಆ ಭಾಷೆ ವಿದ್ಯುತ್ತಿಗೆ ಆರಿಸಿದ್ದು ‘ಕಹ್ರಬಾ’ ಎಂಬುದನ್ನು; ಅದು ಅಂಬರಿಗೆ ಪಾರಸಿಯಲ್ಲಿದ್ದ ಹೆಸರು, ಅರ್ಥ ‘ಹುಲ್ಲುಗಳ್ಳ’. ಅದು ಯುರೋಪಿನ ಪದವನ್ನು ಅರ್ಥಸಮೇತ ಇಳಿಸಿಕೊಂಡ ನಿಜವಾದ ಅನುವಾದ. ಸಂಸ್ಕೃತದಲ್ಲೂ ಆ ಸಾಮಗ್ರಿ ಇತ್ತು. ಹುಲ್ಲು ಸೆಳೆಯುವ ಮಣಿ ಎಂಬರ್ಥದ ‘ತೃಣಮಣಿ’ ಕೋಶಗಳಲ್ಲಿದೆ. ಅಕ್ಷರನಿಷ್ಠರ ಕೈಗೆ ಕೆಲಸ ಸಿಕ್ಕಿದ್ದರೆ ನಾವು ತಿಂಗಳು ತಿಂಗಳು ತೃಣಮಣಿ ಬಿಲ್ಲು ಕಟ್ಟಬೇಕಿತ್ತು.

ಅಕ್ಷರನಿಷ್ಠೆಯಿಂದ ಆಗುವ ಹಾನಿ ಬರೀ ನಗೆಪಾಟಲಲ್ಲ. ಪಕ್ಕದ ರಸಾಯನಶಾಸ್ತ್ರವನ್ನೇ ನೋಡಿ. ಫ್ರಾನ್ಸಿನ ಲವ್ವಾಸಿಯೇ ಮತ್ತು ಅವನ ಗೆಳೆಯರು 1787ರಲ್ಲಿ ರಾಸಾಯನಿಕ ನಾಮಕರಣದ ಹೊಸ ಪದ್ಧತಿ ಪ್ರಕಟಿಸಿದಾಗ ಒಂದು ಅನಿಲ ‘ನೀರು ಹುಟ್ಟಿಸುವುದು’ ಆಯಿತು, ಇನ್ನೊಂದು ‘ಆಮ್ಲ ಹುಟ್ಟಿಸುವುದು’ ಆಯಿತು. ನಮ್ಮವರು ಎರಡನ್ನೂ ಪದಕ್ಕೆ ಪದ ಇಳಿಸಿ ಜಲಜನಕ, ಆಮ್ಲಜನಕ ಎಂದರು. ಮೊದಲನೆಯದು ನಿಜ, ಆ ಅನಿಲ ಉರಿದರೆ ನೀರಾಗುತ್ತದೆ. ಎರಡನೆಯದು ತಪ್ಪು. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರಲೇಬೇಕು ಎಂದು ಲವ್ವಾಸಿಯೇ ನಂಬಿದ್ದ. ಪಾಯಿಖಾನೆ ತೊಳೆಯಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ ಎಂದು ಇಂಗ್ಲೆಂಡಿನ ಹಂಫ್ರಿ ಡೇವಿ 1810ರ ಹೊತ್ತಿಗೆ ತೋರಿಸಿಕೊಟ್ಟ. ಫ್ರೆಂಚರಿಗೂ ಇಂಗ್ಲಿಷರಿಗೂ ಆ ಪದದೊಳಗಿನ ಗ್ರೀಕು ಕಾಣದು, ಹಾಗಾಗಿ ತಪ್ಪೂ ಕಾಣದು. ಕನ್ನಡದ ಹುಡುಗನಿಗೆ ಆಮ್ಲವೂ ಕಾಣುತ್ತದೆ, ಜನಕನೂ ಕಾಣುತ್ತಾನೆ. ಫ್ರಾನ್ಸಿನಲ್ಲಿ ಸತ್ತ ಸಿದ್ಧಾಂತವೊಂದು ನಮ್ಮ ಏಳನೇ ತರಗತಿಯಲ್ಲಿ ಪಾರದರ್ಶಕವಾಗಿ ಉಳಿದುಕೊಂಡಿದೆ. ಆಡುಮಾತಿನ ಪ್ರಾಣವಾಯು ಇದಕ್ಕಿಂತ ಮೇಲು; ಅದಾದರೂ ಸುಳ್ಳು ಹೇಳುವುದಿಲ್ಲ. ಅನುವಾದಕನಿಗೆ ಮೂಲದ ವ್ಯುತ್ಪತ್ತಿ ಗೊತ್ತಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಆಮ್ಲಜನಕವನ್ನೂ ವಿದ್ಯುತ್ತನ್ನೂ ಅಕ್ಕಪಕ್ಕ ಇಟ್ಟರೆ ತಿಳಿಯುವುದು ಇನ್ನೊಂದು ಸಂಗತಿ: ಆ ವ್ಯುತ್ಪತ್ತಿಯನ್ನು ಯಾವಾಗ ಬಿಟ್ಟುಬಿಡಬೇಕು ಎಂಬುದೂ ಅವನಿಗೆ ಗೊತ್ತಿರಬೇಕು.

ಜಲವಿದ್ಯುತ್ತಿನ ಮೇಲೂ ಇಂಥದೇ ಆಪಾದನೆ ಬರಬಹುದು. ಜಲದ ವಿದ್ಯುತ್ ಎಂದರೆ ನೀರಿನೊಳಗೆ ವಿದ್ಯುತ್ ಇದೆ, ಅದನ್ನು ಹಾಲಿನಿಂದ ಬೆಣ್ಣೆಯಂತೆ ಕಡೆದು ತೆಗೆಯುತ್ತಾರೆ ಎಂಬ ಭಾವನೆ ಬರುವುದಿಲ್ಲವೇ? ಕರೆಂಟು ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲ, ಹೊಲಕ್ಕೆ ಬಿಟ್ಟರೆ ಪೈರು ಏಳುವುದಿಲ್ಲ ಎಂಬ ಹಳೆಯ ಮಾತನ್ನು ಅಣೆಕಟ್ಟುಗಳ ದೇಶದಲ್ಲಿ ತಮಾಷೆಗೋ ನಿಜಕ್ಕೋ ಆಡಿಕೊಂಡು ಬಂದಿದ್ದಾರೆ. ಭೌತಶಾಸ್ತ್ರದ ಪ್ರಕಾರ ನೀರಿಗೆ ಏನೂ ಆಗುವುದಿಲ್ಲ. ಅದು ಬೀಳುತ್ತದೆ, ಅಷ್ಟೆ. ಬೀಳುವ ಎತ್ತರವೇ ಅಲ್ಲಿನ ಬಂಡವಾಳ. ಜೂರಾಲ ಬಯಲುಸೀಮೆಯ ಅಣೆಕಟ್ಟು, ಅಲ್ಲಿ ಎತ್ತರ ಕಡಿಮೆ, ನೀರು ಅಗಾಧ. ಲೆಕ್ಕಕ್ಕೆ 20 ಮೀಟರ್ ಬೀಳುತ್ತದೆ ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ನೀರು, ಎಂದರೆ ಸಾವಿರ ಲೀಟರ್, ಅಷ್ಟು ಬಿದ್ದರೆ ಸಿಗುವ ಶಕ್ತಿ 1,96,000 ಜೌಲ್. ನಮ್ಮ ಮೀಟರಿನ ಒಂದು ಯೂನಿಟ್ಟಿಗೆ 36 ಲಕ್ಷ ಜೌಲ್ ಬೇಕು. ಎಳ್ಳಷ್ಟೂ ನಷ್ಟವಿಲ್ಲ ಎಂದುಕೊಂಡರೂ ಒಂದು ಯೂನಿಟ್ಟಿಗೆ ಹದಿನೆಂಟು ಸಾವಿರ ಲೀಟರಿಗೂ ಹೆಚ್ಚು ನೀರು ಇಳಿಯಬೇಕು. ಅದೇ ನೀರು ಪಶ್ಚಿಮಘಟ್ಟದ ಕಡೆ 400 ಮೀಟರ್ ಎತ್ತರದಿಂದ ಬಿದ್ದರೆ ಸಾವಿರ ಲೀಟರಿಗಿಂತ ಕಡಿಮೆ ಸಾಕು. ನೀರು ಎರಡೂ ಕಡೆ ಅದೇ. ಬೇರೆಯಾದದ್ದು ಎತ್ತರ, ಸಮಾಸದಲ್ಲಿ ಅದರ ಸುಳಿವೇ ಇಲ್ಲ.

ಹಾಗಾದರೆ ಪದ ಮೋಸ ಮಾಡಿತೇ? ಇಲ್ಲ. ನಡುವಿನ ಪದವನ್ನು ನುಂಗಿಕೊಳ್ಳುವುದು ಸಮಾಸಕ್ಕೆ ಹೊಸತಲ್ಲ. ವೈಯಾಕರಣರು ಇದಕ್ಕೆ ಮಧ್ಯಮಪದಲೋಪಿ ಎಂದು ಹೆಸರಿಟ್ಟು ‘ಶಾಕಪಾರ್ಥಿವ’ ಎಂಬ ಉದಾಹರಣೆ ಕೊಟ್ಟು ಎರಡು ಸಾವಿರ ವರ್ಷದ ಮೇಲಾಯಿತು. ಅದು ಸೊಪ್ಪುಸದೆಯಿಂದ ಮಾಡಿದ ರಾಜನಲ್ಲ, ಶಾಕವನ್ನು ಇಷ್ಟಪಡುವ ರಾಜ; ‘ಪ್ರಿಯ’ ಎಂಬುದು ನಡುವೆ ಉದುರಿಹೋಗಿದೆ. ಸಂಸ್ಕೃತದ ಮಾತು ಏಕೆ, ನಮ್ಮ ಎತ್ತಿನ ಗಾಣದಲ್ಲಿ ಎತ್ತನ್ನು ಅರೆಯುವುದಿಲ್ಲ. ಕೇಳಿದವನಿಗೆ ಸಂಗತಿ ಗೊತ್ತಿದ್ದರೆ ಬಿಟ್ಟುಹೋದ ಪದವನ್ನು ತಾನೇ ತುಂಬಿಕೊಳ್ಳುತ್ತಾನೆ. ಗೊತ್ತಿಲ್ಲದಿದ್ದರೆ ಪೂರ್ತಿ ಪದ ಹೇಳಿದರೂ ಅಷ್ಟೆ. ಇದಕ್ಕೆ ಪುರಾವೆ ಜೂರಾಲದಿಂದ ಕೃಷ್ಣೆಯ ಗುಂಟ ಮೇಲಕ್ಕೆ ಹೋದರೆ ಸಿಗುವ ಶಕ್ತಿನಗರದಲ್ಲೇ ಇದೆ. 1985ರಲ್ಲಿ ಮೊದಲ ಘಟಕ ಶುರುವಾದ ರಾಯಚೂರಿನ 1,720 ಮೆಗಾವ್ಯಾಟಿನ ಸ್ಥಾವರಕ್ಕೆ ಕನ್ನಡದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಎನ್ನುತ್ತಾರೆ. ಇಲ್ಲಿ ನಡುವಿನ ಪದ ಉದುರಿಲ್ಲ. ಶಾಖದಿಂದ ‘ಉತ್ಪನ್ನ’ವಾದದ್ದು ಎಂದು ಬಿಡಿಸಿ ಹೇಳಿದ್ದಾರೆ. ಅದರಿಂದ ತಿಳಿವೇನಾದರೂ ಹೆಚ್ಚಿತೇ? ಆ ಸ್ಥಾವರವೂ ಇದೇ ಕೃಷ್ಣೆಯ ನೀರನ್ನು ಎಳೆದುಕೊಂಡು, ಕಲ್ಲಿದ್ದಲಿನ ಉರಿಯಲ್ಲಿ ಆವಿ ಮಾಡಿ, ಆ ಆವಿಯಿಂದಲೇ ಚಕ್ರ ತಿರುಗಿಸುತ್ತದೆ. ನೀರಿಲ್ಲದೆ ಅದೂ ನಿಲ್ಲುತ್ತದೆ. ಉದ್ದ ಪದವೂ ನೀರನ್ನು ಬಿಟ್ಟಿತು, ಗಿಡ್ಡ ಪದವೂ ಎತ್ತರವನ್ನು ಬಿಟ್ಟಿತು. ಜನ ಉದ್ದದ್ದನ್ನು ಸವೆಸಿ ‘ಆರ್‌ಟಿಪಿಎಸ್’ ಮಾಡಿಕೊಂಡರು, ಗಿಡ್ಡದ್ದನ್ನು ಹಾಗೇ ಉಳಿಸಿಕೊಂಡರು. ಶಾಖೋತ್ಪನ್ನ ಎಂದು ಒಂದೇ ಉಸಿರಿನಲ್ಲಿ ಹೇಳಿ ನೋಡಿದರೆ ಕಾರಣ ತಿಳಿಯುತ್ತದೆ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಎರಡು ಪದವೂ ಸಂಸ್ಕೃತ. ಕನ್ನಡದಲ್ಲಿ ನೀರು ಇದೆ, ಮಿಂಚು ಇದೆ, ತಮಿಳರು ‘ನೀರ್‌ಮಿನ್’ ಎಂದು ತಮ್ಮದರಲ್ಲೇ ಕಟ್ಟಿಕೊಂಡಿದ್ದಾರೆ, ನಮಗೇನು ಅಡ್ಡಿ? ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ದಶಕಗಳ ಕಾಲ ಎತ್ತಿ ಹಿಡಿದ ನಿಲುವು ಇದು: ಬರಹಗನ್ನಡ ಎಲ್ಲರದಾಗಬೇಕಾದರೆ ಕನ್ನಡದ್ದೇ ಬೇರುಗಳಿಂದ ಪದ ಕಟ್ಟಬೇಕು. ದ್ಯುತಿಸಂಶ್ಲೇಷಣೆಯ ಮುಂದೆ ತೊದಲುವ ಮಗುವನ್ನು ಕಂಡವರು ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ವಿದ್ಯುತ್ತಿನ ವಿಷಯದಲ್ಲಿ ಮಿಂಚು ಅದರ ಜಾಗಕ್ಕೆ ಬಂದರೆ ನಮಗೆ ನಷ್ಟ. ಹಿಂದಿಯಲ್ಲಿ ಆಕಾಶದಿಂದ ಬೀಳುವುದೂ ಬಿಜಲಿ, ಮನೆಯಲ್ಲಿ ಹೋಗುವುದೂ ಬಿಜಲಿ. ಒಂದೇ ಪದ ಎರಡು ಕೆಲಸಕ್ಕೆ. ಕನ್ನಡದಲ್ಲಿ ಆಕಾಶದ್ದು ಮಿಂಚಾಗಿ ಉಳಿಯಿತು, ತಂತಿಯದು ವಿದ್ಯುತ್ತಾಯಿತು. ಹೀಗೆ ಬೇರೆಯಾದ್ದರಿಂದಲೇ ‘ಮಿಂಚು ಎಂದರೆ ಮೋಡದಲ್ಲಿ ನಡೆಯುವ ವಿದ್ಯುತ್ ವಿಸರ್ಜನೆ’ ಎಂಬ ಪಠ್ಯಪುಸ್ತಕದ ವಾಕ್ಯಕ್ಕೆ ಕನ್ನಡದಲ್ಲಿ ಅರ್ಥವಿದೆ. 1752ರ ಶೋಧವನ್ನು ಹೇಳಲು ಎರಡು ಹೆಸರು ಬೇಕು. ಮೂಲ ಸಂಸ್ಕೃತದಲ್ಲಿ ಹೇಳಹೊರಟರೆ ‘ವಿದ್ಯುತ್ ಎಂದರೆ ವಿದ್ಯುತ್’ ಎಂದಾದೀತು. ಎರವಲು ತಂದ ಪದ ಮೂಲ ಭಾಷೆಗಿಂತ ನಮ್ಮಲ್ಲಿ ಹೆಚ್ಚು ಚೊಕ್ಕವಾಗಿ ದುಡಿಯುತ್ತಿದೆ.

ಗಡಿನಾಡಿನಲ್ಲಿ ಇನ್ನೂ ಒಂದು ಲಾಭವಿದೆ. ಅಚ್ಚಕನ್ನಡದಲ್ಲಿ ಕಟ್ಟಿದರೆ ನಮ್ಮದು ನೀರ್ಮಿಂಚು ಆಗುತ್ತದೆ. ಅಚ್ಚತೆಲುಗಿನಲ್ಲಿ ಮಿಂಚಿಗೆ ಮೆರುಪು ಎನ್ನುತ್ತಾರೆ, ‘ಮಿಂಚು’ ಎಂದರೆ ಅಲ್ಲಿ ಸಾಮಾನ್ಯವಾಗಿ ಮೀರು ಎಂದರ್ಥ. ಒಂದೇ ನದಿ, ಒಂದೇ ಕಟ್ಟೆ, ಹೆಸರು ಎರಡಾಗುತ್ತದೆ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯವೇ. ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಾಗ ಅವು ಆಂಧ್ರಕ್ಕೆ ಹೋದವು. ಜೂರಾಲದ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲಿದೆ. ಹೀಗಿರುವಾಗ ನಾರಾಯಣಪೇಟೆಯಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುವವರಿಗೆ ಎರಡೂ ಕಡೆ ನಡೆಯುವ ನಾಣ್ಯ ಜಲವಿದ್ಯುತ್. ನಿಜಾಮರ ಕಾಲದಲ್ಲಿ ಇಲ್ಲಿ ಚಲಾವಣೆಯಲ್ಲಿದ್ದ ಆಡಳಿತದ ಭಾಷೆ ಉರ್ದು. ನಿಜಾಮರ ಸರ್ಕಾರ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ 1917ರಲ್ಲಿ ತೆರೆದ ಅನುವಾದ ಕಚೇರಿ ವಿಜ್ಞಾನವನ್ನೆಲ್ಲ ಉರ್ದುವಿಗೆ ತರುವ ಕೆಲಸ ಮಾಡಿತು. ಆ ಭಾಷೆಯಲ್ಲಿ ಜಲವಿದ್ಯುತ್ತಿಗೆ ‘ಪನ್‌ಬಿಜಲಿ’ ಎನ್ನುತ್ತಾರೆ. ಔರಂಗಾಬಾದಿನ ಪನ್‌ಚಕ್ಕಿ ಎಂಬ ನೀರಿನ ಗಿರಣಿಯ ಹೆಸರಿನಲ್ಲಿರುವ ಪನ್ ಇದೇ. ಕೇಳಲು ಎಷ್ಟು ಹಗುರ! ಆದರೆ ಪನ್ ಎಂಬುದು ಸವೆದ ಪಾನೀಯ, ಬಿಜಲಿ ಎಂಬುದು ಸವೆದ ವಿದ್ಯುತ್. ಸಂಸ್ಕೃತವನ್ನು ಬಿಟ್ಟದ್ದರಿಂದ ಅದು ಹಗುರವಾಗಲಿಲ್ಲ, ಬಾಯಿಂದ ಬಾಯಿಗೆ ಉರುಳಿ ನುಣುಪಾದದ್ದರಿಂದ ಹಗುರವಾಯಿತು. ಹೊರಗಿನ ಪದ ಒಳಗಿನದಾಗುವುದು ಬಳಕೆಯಿಂದ, ಹುಟ್ಟಿದ ಊರಿನಿಂದಲ್ಲ.

ವಿದ್ಯುತ್ ಕನ್ನಡದಲ್ಲಿ ಒಗ್ಗಿದ ಬಗೆಯನ್ನು ಅದರ ಸಂಧಿಗಳೇ ಹೇಳುತ್ತವೆ. ಶಕ್ತಿಯೊಡನೆ ಸೇರಿ ವಿದ್ಯುಚ್ಛಕ್ತಿ, ಆಗಾರದೊಡನೆ ವಿದ್ಯುದಾಗಾರ, ಮಾನದೊಡನೆ ವಿದ್ಯುನ್ಮಾನ. ಒಂದು ತಕಾರ ಚಕಾರವಾಗಿ, ದಕಾರವಾಗಿ, ನಕಾರವಾಗಿ ವೇಷ ಹಾಕುತ್ತದೆ. (ಪಂಡಿತರನ್ನು ಪೊರೆದ ಗದ್ವಾಲ ಸಂಸ್ಥಾನಕ್ಕೆ ‘ವಿದ್ವದ್ಗದ್ವಾಲ’ ಎಂಬ ಬಿರುದು ಬಂದದ್ದೂ ಇಂಥದೇ ಸಂಧಿಯಿಂದ, ವಿದ್ವತ್ತಿಗೆ ಆದದ್ದೇ ವಿದ್ಯುದಾಗಾರದಲ್ಲಿ ವಿದ್ಯುತ್ತಿಗೂ ಆಗಿದೆ.) ವಿದ್ಯುನ್ಮಾನ ಮತಯಂತ್ರ ಎಂದು ಚುನಾವಣೆ ಹೊತ್ತಿನಲ್ಲಿ ಓದುವವರಿಗೆ ಸಂಧಿಯ ಹೆಸರು ಬೇಕಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದ ಕಟ್ಟಳೆಯಂತೆ ಸಂಸ್ಕೃತಕ್ಕೆ ಕನ್ನಡವನ್ನು ಗಂಟುಹಾಕುವುದು ಅರಿಸಮಾಸ, ಕೆಲವು ರೂಢಿಗಳನ್ನು ಬಿಟ್ಟರೆ ಸಲ್ಲದು. ನೀರುವಿದ್ಯುತ್ ಕಿವಿಗೆ ಒಡ್ಡೊಡ್ಡಾಗಿ ಕೇಳಿಸುವುದಕ್ಕೆ ಈ ಹಳೆಯ ಅಭ್ಯಾಸವೂ ಒಂದು ಕಾರಣ. ಆದರೆ ವಿದ್ಯುತ್ ಕಂಬ ಎಂದಾಗ ಯಾರ ಹುಬ್ಬೂ ಏರುವುದಿಲ್ಲ. ಇಂದು ಕೇಶಿರಾಜ ಬಂದರೂ ಆ ಕಂಬವನ್ನು ಕಿತ್ತುಹಾಕಿಸುವುದು ಕಷ್ಟ.

ಕೊನೆಗೆ ಉಳಿಯುವ ಆಕ್ಷೇಪ ಬೀದಿಯದು: ಇಷ್ಟೆಲ್ಲ ಪುರಾಣ ಯಾರಿಗೆ ಬೇಕು, ಜನ ಹೇಳುವುದು ಕರೆಂಟು. ನಿಜ. ರಾಯಚೂರಿನಲ್ಲಿ ‘ಕರೆಂಟ್ ಹೋಗ್ಯಾದ’, ಗದ್ವಾಲದಲ್ಲಿ ‘ಕರೆಂಟು ಪೋಯಿಂದಿ’. ವಿದ್ಯುತ್ ಹೋಯಿತು ಎಂದು ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಆದರೆ ಎರಡೂ ಪದಗಳು ಒಂದೇ ಜಾಗಕ್ಕೆ ಜಗಳ ಆಡುತ್ತಿಲ್ಲ. ಬರುವುದು, ಹೋಗುವುದು, ಹೊಡೆಯುವುದು ಕರೆಂಟು. ಉತ್ಪಾದನೆಯಾಗುವುದು, ಹಂಚಿಕೆಯಾಗುವುದು, ಪಾಲು ಕೇಳಿಸಿಕೊಳ್ಳುವುದು ವಿದ್ಯುತ್. ಕರೆಂಟಿನ ಹುಟ್ಟನ್ನು ಕೆದಕಿದರೆ ಲ್ಯಾಟಿನ್ನಿನಲ್ಲಿ ಓಡು ಎಂಬ ಅರ್ಥದ ಕ್ರಿಯಾಪದ ಸಿಗುತ್ತದೆ. ಇಂಗ್ಲಿಷಿನವರು ಆ ಪದವನ್ನು ಮೊದಲು ಹೊಳೆಯ ಸೆಳವಿಗೆ, ಕಡಲಿನ ಹರಿವಿಗೆ ಹೇಳುತ್ತಿದ್ದರು. ವಿದ್ಯುತ್ತು ಕಣ್ಣಿಗೆ ಕಾಣದ ಒಂದು ದ್ರವ, ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಹರಿಯುತ್ತದೆ ಎಂದು ಫ್ರಾಂಕ್ಲಿನ್ ತಿಳಿದಿದ್ದ. ಆ ಕಾಲದ ಯೋಚನೆಯಲ್ಲೇ ನದಿಯ ಪದ ತಂತಿಗೆ ಹತ್ತಿಕೊಂಡಿತು. ಜಲವಿದ್ಯುತ್ ಬಿಟ್ಟುಬಿಟ್ಟ ಹರಿವು ಕರೆಂಟಿನೊಳಗಿದೆ. ಜೂರಾಲದ ಹಿನ್ನೀರಿನ ದಂಡೆಯಲ್ಲಿ ಪಂಪು ಹಚ್ಚಿ, ಕರೆಂಟ್ ಬಂದದೇನು ಎಂದು ಕೇಳುವ ರೈತ ಬಳಸುತ್ತಿರುವುದು ಮೂಲದಲ್ಲಿ ನೀರಿನದೇ ಮಾತು.